ನಾನೂರು ಫಿರಂಗಿ, ಇಪ್ಪತ್ತು ತುಪಾಕಿ



ಇಲ್ಲಿ ಮಾಧವರದಲ್ಲಿ ಮಾತಾಡಲು ವಿಷಯ ನೀವೇ ಆರಿಸಿಕೊಳ್ಳಿ ಎಂದು ದತ್ತಿಯ ಹಿರಿಯರು ಫೋನಿನಲ್ಲಿ ಹೇಳಿದಾಗ ನಾನು ಕೈತುಪಾಕಿ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ರಾಯರ ಮಠದ ದಾರಿಯಲ್ಲಿರುವ ಊರಿಗೆ ಬಂದು ತುಪಾಕಿಯ ಮಾತಾಡುವುದೇ ಎಂದು ಅವರಿಗೆ ಅನಿಸಿದ್ದರೆ ತಪ್ಪಿಲ್ಲ. ಆದರೆ ರಾಘವೇಂದ್ರ ರಾಯರಿಗೆ ಈಗಿನ ಮಂತ್ರಾಲಯವಾದ ಮಂಚಾಲೆಯನ್ನು ಬಿಟ್ಟುಕೊಟ್ಟ ಸಿದ್ದಿ ಮಸೂದ್ ಖಾನ್ ಆದವಾನಿ ಕೋಟೆಯ ಒಡೆಯ. ಅವನ ಅನ್ನ, ಅಧಿಕಾರ ಎರಡೂ ಮದ್ದುಗುಂಡಿನ ಮೇಲೆ ನಿಂತಿದ್ದವು. ಈ ಸೀಮೆಯಲ್ಲಿ ಮಠದ ಕಥೆ ಹೇಳಹೊರಟರೂ ಎಲ್ಲೋ ಒಂದು ಕಡೆ ಮದ್ದಿನ ವಾಸನೆ ಬಂದೇ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ಆದವಾನಿಯ ಬೆಟ್ಟವಾಗಲಿ, ರಾಯಚೂರಿನ ಕೋಟೆಯಾಗಲಿ, ಹತ್ತಿದವರೆಲ್ಲ ಮೊದಲು ಹುಡುಕುವುದು ಫಿರಂಗಿಯನ್ನು. ಅದರ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯುತ್ತೇವೆ. ನಾನೂ ಕೂತವನೇ. ಫಿರಂಗಿ ಉಳಿದದ್ದು ಅದರ ಭಾರದಿಂದ. ಅದನ್ನು ಬೆಟ್ಟದಿಂದ ಇಳಿಸುವವರು ಯಾರು? ಕೈತುಪಾಕಿಯ ಗತಿ ಬೇರೆ. ಅದರ ಕಬ್ಬಿಣ ಕಮ್ಮಾರನ ಕುಲುಮೆಗೆ ಹೋಗಿ ಕುಡುಗೋಲಾಗಬಲ್ಲದು, ಕುಂಟೆಯ ಅಲಗಾಗಬಲ್ಲದು. ಕಣ್ಣಿಗೆ ಉಳಿದದ್ದನ್ನೇ ನಾವು ಚರಿತ್ರೆ ಎಂದುಕೊಂಡೆವು. ಕೃಷ್ಣೆ, ತುಂಗಭದ್ರೆ ಎಂಬ ಎರಡು ನದಿಗಳ ನಡುವಿನ ನಾಡಿನಲ್ಲೂ ಅದರ ಅಂಚಿನ ನಮ್ಮ ಸೀಮೆಯಲ್ಲೂ ಯುದ್ಧದ ರೀತಿಯನ್ನು ಬದಲಿಸಿದ್ದು ಒಬ್ಬ ಕಾಲಾಳು ಹೆಗಲ ಮೇಲೆ ಹೊತ್ತು ನಡೆಯಬಹುದಾದ ಕೊಳವೆ. ಇವತ್ತಿನ ನನ್ನ ಮಾತಿನ ತಿರುಳು ಇಷ್ಟೇ.

ರಾಯಚೂರಿನ ಒಳಕೋಟೆ ಕಟ್ಟಿದ್ದು 1294ರಲ್ಲಿ. ಕಾಕತೀಯರ ಕಾಲದ ಗೋರೆ ಗನ್ನಯ ರೆಡ್ಡಿಯ ಹೆಸರು ಅಲ್ಲಿನ ಉದ್ದನೆಯ ಕಲ್ಲಿನ ಮೇಲಿದೆ. ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದ ಚಿತ್ರವನ್ನೂ ಬಿಡಿಸಿದ್ದಾರೆ. ಆ ಕೋಣಗಳು ಇಲ್ಲಿ ಕಲ್ಲು ಎಳೆಯುವುದಕ್ಕೆ ಕೆಲವೇ ವರ್ಷ ಮೊದಲು ಚೀನಾದ ಈಶಾನ್ಯದ ಹೈಲಾಂಗ್‌ಜಿಯಾಂಗ್ ಸೀಮೆಯಲ್ಲಿ ಒಂದು ಕಂಚಿನ ಕೊಳವೆ ಯಾರದೋ ಕೈಯಿಂದ ಜಾರಿ ಮಣ್ಣು ಸೇರಿತ್ತು. 1970ರಲ್ಲಿ ಅದು ಸಿಕ್ಕಿತು. ಉದ್ದ 34 ಸೆಂಟಿಮೀಟರು, ಅಂದರೆ ಶಾಲೆಯ ಪಟ್ಟಿಗಿಂತ ಒಂದಿಷ್ಟು ಹೆಚ್ಚು. ತೂಕ ಮೂರೂವರೆ ಕಿಲೊ. ವಿದ್ವಾಂಸರು ಅದಕ್ಕೆ ಕೊಡುವ ಕಾಲ 1288ರ ಆಸುಪಾಸು. ಈಗ ಗೊತ್ತಿರುವ ಅತಿ ಹಳೆಯ ಕೈತುಪಾಕಿಗಳಲ್ಲಿ ಅದೊಂದು. ಹೀಗೆ ರಾಯಚೂರಿನ ಗೋಡೆಯೂ ಕೈತುಪಾಕಿಯೂ ಹೆಚ್ಚುಕಡಿಮೆ ಒಂದೇ ಓರಗೆಯವು. ಒಂದನ್ನೊಂದು ಮುಖಾಮುಖಿ ನೋಡಲು ಅವಕ್ಕೆ ಇನ್ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಆ ಮೊದಲ ಕೊಳವೆಯ ಕೆಲಸ ಬಲು ಸರಳ. ಒಂದು ತುದಿ ಮುಚ್ಚಿದೆ. ಮುಚ್ಚಿದ ತುದಿಯ ಹತ್ತಿರ ಸಣ್ಣ ತೂತು. ಆ ತೂತಿಗೆ ನಮ್ಮವರು ಕಿವಿ ಎಂದರು. ತೆರೆದ ಬಾಯಿಂದ ಮದ್ದು ಸುರಿದು, ಗುಂಡನ್ನೋ ಕಲ್ಲುಚೂರನ್ನೋ ಹಾಕಿ, ಗಜದಿಂದ ಜಡಿದು, ಕಿವಿಗೆ ಬೆಂಕಿ ಮುಟ್ಟಿಸಬೇಕು. ಕೊಳವೆಯ ಹಿಂದೆ ಒಂದು ಕೋಲು; ಅದನ್ನು ಕಂಕುಳಲ್ಲಿ ಅವುಚಿಕೊಳ್ಳಬೇಕು. ತೊಡಕಿದ್ದದ್ದು ಇಲ್ಲೇ. ಒಂದು ಕೈ ಕೋಲು ಹಿಡಿದರೆ ಇನ್ನೊಂದು ಕೈಯಲ್ಲಿ ಉರಿಯುವ ಬತ್ತಿ. ಕಣ್ಣು ಕಿವಿಯ ಮೇಲಿರಬೇಕೋ ವೈರಿಯ ಮೇಲಿರಬೇಕೋ? ಕಿವಿಯ ಕಡೆ ನೋಡಿದರೆ ಗುರಿ ತಪ್ಪುತ್ತದೆ, ಗುರಿಯ ಕಡೆ ನೋಡಿದರೆ ಬೆರಳು ಸುಡುತ್ತದೆ. ಜರ್ಮನಿಯ ಟಾನೆನ್‌ಬರ್ಗ್ ಎಂಬ ಕೋಟೆಯನ್ನು 1399ರಲ್ಲಿ ಕೆಡವಿದರು. ಅದರ ಅವಶೇಷಗಳಲ್ಲಿ ಸಿಕ್ಕ ಕೊಳವೆ ಒಂದೂಕಾಲು ಕಿಲೊ ತೂಗುತ್ತದೆ. ನೂರು ವರ್ಷದಲ್ಲಿ ಹಗುರವಾಯಿತು, ನಿಜ. ಬೆರಳು ಸುಡುವುದು ಮಾತ್ರ ತಪ್ಪಲಿಲ್ಲ.

ಅದನ್ನು ತಪ್ಪಿಸಿದ್ದು ಒಂದು ಬಾಗಿದ ಕಬ್ಬಿಣದ ತುಂಡು. 1411ರ ಹೊತ್ತಿನ ಒಂದು ಆಸ್ಟ್ರಿಯಾದ ಹಸ್ತಪ್ರತಿಯಲ್ಲಿ ಅದರ ಚಿತ್ರವಿದೆ. ಹಾವಿನಂತೆ ಬಳುಕಿದ ಕೊಕ್ಕೆ. ಮೇಲಿನ ತುದಿ ಬತ್ತಿಯನ್ನು ಕಚ್ಚಿಕೊಂಡಿರುತ್ತದೆ, ಕೆಳಗಿನ ತುದಿಯನ್ನು ಬೆರಳಿನಿಂದ ಎಳೆದರೆ ಬತ್ತಿ ಬಾಗಿ ಕಿವಿಯ ಪಕ್ಕದ ತಟ್ಟೆಯಲ್ಲಿನ ರಂಜಕವನ್ನು ಮುಟ್ಟುತ್ತದೆ. ರಂಜಕವೆಂದರೆ ನುಣ್ಣಗೆ ಅರೆದ ಕಿವಿಮದ್ದು. ಆ ಕೊಕ್ಕೆಗೆ ಯೂರೋಪಿನವರು ಹಾವಿನ ಹೆಸರಿಟ್ಟರೆ ಕನ್ನಡದವರು ಕುದುರೆ ಎಂದರು. ಕತ್ತು ಬಗ್ಗಿಸಿ ಬಾನಿಗೆ ಬಾಯಿ ಹಾಕುವ ಕುದುರೆಯನ್ನು ಕಂಡವರು ಇಟ್ಟ ಹೆಸರಿರಬೇಕು ಎಂಬುದು ನನ್ನ ಊಹೆ. ಕಿಟ್ಟೆಲ್ ಸಾಹೇಬರ ಕೋಶದಲ್ಲಿ ಪದವಿದೆ, ಕಾರಣವಿಲ್ಲ. ಈ ಕುದುರೆ ಬಂದ ಮೇಲೆ ಎರಡು ಕೈಯೂ ಬಿಡುವಾದವು, ಕಣ್ಣೂ ಬಿಡುವಾಯಿತು. ಹಿಡಿಯನ್ನು ಭುಜಕ್ಕೋ ಕೆನ್ನೆಗೋ ಒತ್ತಿಕೊಂಡು ನಳಿಕೆಯ ಉದ್ದಕ್ಕೂ ನೋಡಬಹುದಾಯಿತು. ಗುರಿ ಎನ್ನುವುದು ತುಪಾಕಿಗೆ ಬಂದದ್ದು ಆಗ.

ಹೆಸರುಗಳ ಮಾತು ಬಂತು, ಇನ್ನೊಂದು ನಿಮಿಷ ಅಲ್ಲೇ ನಿಲ್ಲುತ್ತೇನೆ. ನಮ್ಮಲ್ಲಿ ಈ ಒಂದೇ ವಸ್ತುವಿಗೆ ಮೂರು ಪದಗಳಿವೆ. ಕೋವಿ ನಮ್ಮದೇ ಪದ, ಟೊಳ್ಳಾದ ಕೊಳವೆ ಎಂದು ಅರ್ಥ. ವಸ್ತು ಹೊರಗಿನಿಂದ ಬಂತು, ಹೆಸರು ಮನೆಯಲ್ಲೇ ಇತ್ತು. ತುಪಾಕಿ ತುರ್ಕರ ತುಫೆಕ್ಕಿನ ಮೊಮ್ಮಗ. ಕನ್ನಡ ತೆಲುಗು ಎರಡೂ ಅದನ್ನು ಸಾಕಿಕೊಂಡಿವೆ. ಬಂದೂಕು ಅರಬ್ಬಿಯಿಂದ, ಅಲ್ಲಿ ಬುಂದುಕ್ ಎಂದರೆ ಒಂದು ಗಟ್ಟಿ ಕಾಯಿ, ಗುಂಡಿನ ಗಾತ್ರದ್ದು. ಇನ್ನು ಫಿರಂಗಿ ಎನ್ನುವುದು ಆಯುಧದ ಹೆಸರೇ ಅಲ್ಲ, ಮನುಷ್ಯರ ಹೆಸರು. ಪರಂಗಿಯವನ ಹೆಸರನ್ನು ದೊಡ್ಡ ತೋಪಿಗೆ ಇಟ್ಟೆವು, ಸಣ್ಣದಕ್ಕೆ ತುರ್ಕನ ಪದ ಉಳಿಸಿಕೊಂಡೆವು. ಈ ಸೀಮೆಗೆ ಮದ್ದಿನ ವಿದ್ಯೆ ಒಂದೇ ಬಾಗಿಲಿನಿಂದ ಬರಲಿಲ್ಲ ಎಂಬುದಕ್ಕೆ ಶಾಸನ ಬೇಡ, ನಮ್ಮ ನಾಲಗೆಯೇ ಸಾಕು.

ಈಗ ಪಕ್ಕದ ಕೌತಾಳಕ್ಕೆ ಬರೋಣ. ಕೌತಾಳದ ಗೆಳೆಯರೊಬ್ಬರು ಭಾರತದಲ್ಲಿ ಮೊದಲ ತೋಪು ಹಾರಿದ್ದು ನಮ್ಮೂರ ಹೊಲದಲ್ಲಿ ಎಂದು ಎದೆ ತಟ್ಟಿ ಹೇಳುತ್ತಿದ್ದರು. ಅದಕ್ಕೆ ಆಧಾರ ಇಲ್ಲದಿಲ್ಲ. 1366ರಲ್ಲಿ ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾನ ಸೇನೆಗೂ ವಿಜಯನಗರದ ಬುಕ್ಕರಾಯನ ಸೇನೆಗೂ ಆದವಾನಿಯ ಬಯಲಿನಲ್ಲಿ ದೊಡ್ಡ ಕಾಳಗವಾಯಿತು. ವಿಜಯನಗರದ ಚರಿತ್ರೆಯನ್ನು 1900ರಲ್ಲಿ ಬರೆದ ರಾಬರ್ಟ್ ಸಿವೆಲ್ ಆ ಜಾಗ ಕೌತಾಳವೇ ಇರಬೇಕೆಂದ. ಆ ಯುದ್ಧದಲ್ಲಿ ರೂಮಿಗಳೂ, ಅಂದರೆ ತುರ್ಕರೂ, ಪರಂಗಿಯವರೂ ಇದ್ದ ಒಂದು ಆತಿಶ್‌ಬಾಜಿಯ ಪಡೆಯನ್ನು ಸುಲ್ತಾನನ ಕಡೆಯ ಮುಕರ್ರಬ್ ಖಾನ್ ನಡೆಸಿದನೆಂದು ಚರಿತ್ರೆಕಾರ ಫೆರಿಷ್ತಾ ಬರೆಯುತ್ತಾನೆ.

ಗೆಳೆಯರಿಗೆ ಬೇಸರವಾದರೂ ಹೇಳಲೇಬೇಕು, ನನಗೆ ಇದು ನಂಬಿಕೆಯಾಗದು. ಫೆರಿಷ್ತಾ ಬಿಜಾಪುರದಲ್ಲಿ ಕೂತು ಬರೆದದ್ದು 1600ರ ನಂತರ, ಕಾಳಗ ನಡೆದು ಇನ್ನೂರ ನಲವತ್ತು ವರ್ಷವಾದ ಮೇಲೆ. ಅವನ ಸುತ್ತಲೂ ತೋಪುಗಳಿದ್ದವು, ಗೋವೆಯ ಪೋರ್ಚುಗೀಸರಿದ್ದರು. 1366ರಲ್ಲಿ ವಾಸ್ಕೋ ಡ ಗಾಮನ ಮುತ್ತಜ್ಜನೂ ಇತ್ತ ಮುಖ ಹಾಕಿರಲಿಲ್ಲ. ಮೇಲಾಗಿ ಆತಿಶ್‌ಬಾಜಿ ಎಂದರೆ ಬೆಂಕಿಯಾಟ, ಬಾಣಬಿರುಸು. ಆನೆ ಕುದುರೆ ಬೆದರಿಸುವ ಬಿರುಸುಬಾಣ ಹಾರಿದ್ದೀತು. ತೋಪು ಹಾರಿತೆನ್ನಲು ಇದಿಷ್ಟು ಸಾಲದು. ಕೈತುಪಾಕಿಯ ಸುದ್ದಿಯಂತೂ ಅಲ್ಲಿಲ್ಲ.

ಗಟ್ಟಿ ನೆಲ ಸಿಗುವುದು 1520ರಲ್ಲಿ, ತುಂಗಭದ್ರೆಯ ಆಚೆ ದಡದಲ್ಲಿ.

ಅದಕ್ಕೆ ಹತ್ತು ವರ್ಷ ಮೊದಲು, 1510ರಲ್ಲಿ, ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಬಿಜಾಪುರದಿಂದ ಕಿತ್ತುಕೊಂಡಿದ್ದ. ಅಲ್ಲಿ ಆಗಲೇ ತುಪಾಕಿ ಮಾಡುವ ಕುಶಲಿಗಳಿದ್ದರು. ರೂಮಿಗಳಿಂದ ಕಲಿತವರು, ಸ್ಥಳೀಯ ಕಮ್ಮಾರರು. 1513ರಲ್ಲಿ ತನ್ನ ದೊರೆಗೆ ಬರೆದ ಕಾಗದದಲ್ಲಿ ಅಲ್ಬುಕರ್ಕ್ ಅವರ ಕೆಲಸ ಜರ್ಮನಿಯವರ ಕೆಲಸಕ್ಕೂ ಮೇಲು ಎಂಬಂತೆ ಹೊಗಳಿದ್ದಾನೆ. ಪರಂಗಿಯವನು ತಂದು ಕಲಿಸಿದ ವಿದ್ಯೆ ಎಂಬ ಸುಲಭದ ಕಥೆ ಇಲ್ಲೇ ಕುಂಟುತ್ತದೆ. ಅವನು ತಂದ, ಇಲ್ಲಿ ಇದ್ದದ್ದನ್ನು ಕಂಡ, ಎರಡನ್ನೂ ಬೆರೆಸಿದ.

1520ರಲ್ಲಿ ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಕೈಯಲ್ಲಿದ್ದ ರಾಯಚೂರನ್ನು ಮುತ್ತಿದ. ಆ ಮುತ್ತಿಗೆಯ ವಿವರ ನಮಗೆ ಸಿಗುವುದು ಸುಮಾರು ಹದಿನೈದು ವರ್ಷದ ನಂತರ ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ ನುನಿಜ್‌ನಿಂದ. ಕೋಟೆಯ ಮೇಲೆ ಇನ್ನೂರು ದೊಡ್ಡ ತೋಪುಗಳಿದ್ದವು ಎನ್ನುತ್ತಾನೆ. ಆದರೆ ಅವು ಎತ್ತರದಲ್ಲಿದ್ದವು. ದೂರದವರನ್ನು ಹೊಡೆಯುತ್ತಿದ್ದವು, ಗೋಡೆಯ ಬುಡಕ್ಕೆ ಬಂದು ಸೇರಿದವರನ್ನು ಮುಟ್ಟಲಾರವು. ರಾಯನ ಕಡೆಯವರು ಹಾರೆ ಗುದ್ದಲಿ ಹಿಡಿದು ಆ ಬುಡಕ್ಕೇ ನುಗ್ಗುತ್ತಿದ್ದರು. ಕೋಟೆಯವರು ಬಾಣ, ಕಲ್ಲು, ತುಪಾಕಿಯಿಂದ ಅವರನ್ನು ಕೊಲ್ಲುತ್ತಿದ್ದರು. ಸಾಯುವುದಕ್ಕೆ ಯಾರು ಮುಂದೆ ಹೋಗುತ್ತಾರೆ? ಅದಕ್ಕೆ ರಾಯನ ದಂಡನಾಯಕರು ಕಂಡುಕೊಂಡ ಉಪಾಯ ಯಾವ ಗುತ್ತಿಗೆದಾರನಿಗೂ ಅರ್ಥವಾಗುವಂಥದು: ಕಿತ್ತು ತಂದ ಒಂದೊಂದು ಕಲ್ಲಿಗೂ ಗಾತ್ರ ನೋಡಿ ದುಡ್ಡು. ಹತ್ತು ಪಣ, ಇಪ್ಪತ್ತು, ಮೂವತ್ತು, ಐವತ್ತರವರೆಗೆ. ಗೋಡೆಯನ್ನು ಬಿಡಿಬಿಡಿಯಾಗಿ ಕೊಂಡುಕೊಂಡರು ಎಂದೇ ಹೇಳಬೇಕು.

ಈ ನಡುವೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ಕೋಟೆ ಬಿಡಿಸಲು ಕೃಷ್ಣೆ ದಾಟಿ ಬಂದ. ಅವನ ಬಲ ತೋಪಿನ ಬಲ. ರಾಯನ ಸೇನೆ ಒತ್ತಾಗಿ ಮುಂದೆ ಬಂದಾಗ ಎಲ್ಲ ತೋಪುಗಳೂ ಒಟ್ಟಿಗೆ ಹಾರಿದವು. ಮುಂದಿನ ಸಾಲು ಮಣ್ಣಾಯಿತು, ಸೇನೆ ಹಿಮ್ಮೆಟ್ಟಿತು. ಆದರೆ ಒಮ್ಮೆ ಹಾರಿದ ದೊಡ್ಡ ತೋಪನ್ನು ಮತ್ತೆ ತುಂಬುವುದು ಹೊತ್ತಿನ ಕೆಲಸ. ಬಿಜಾಪುರದವರು ಗೆದ್ದೆವೆಂದು ಸಾಲು ಬಿಟ್ಟು ಬೆನ್ನಟ್ಟಿದರು. ರಾಯ ತಾನೇ ಕುದುರೆ ಏರಿ ಎರಡನೆಯ ಪಡೆಯೊಂದಿಗೆ ತಿರುಗಿಬಿದ್ದ. ಸಂಜೆಗೆ ಆದಿಲ್ ಷಾ ಆನೆಯೇರಿ ಕೃಷ್ಣೆ ದಾಟಿ ಓಡಿದ್ದ. ನಾನೂರು ದೊಡ್ಡ ತೋಪುಗಳು ರಾಯನ ಕೈಗೆ ಬಂದವು.

ನಾನೂರು ತೋಪು ಗೆದ್ದ ರಾಯ ಅವುಗಳಿಂದ ರಾಯಚೂರಿನ ಗೋಡೆ ಒಡೆದನೇ? ಒಡೆದದ್ದಾಗಿ ನುನಿಜ್ ಹೇಳುವುದಿಲ್ಲ. ಸೇನೆ ಮತ್ತೆ ಗೋಡೆಯ ಬುಡಕ್ಕೆ, ಹಾರೆ ಗುದ್ದಲಿಗೆ ಮರಳಿತು. ಆಗ ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸ ಇಪ್ಪತ್ತರಷ್ಟು ಸಂಗಡಿಗರೊಂದಿಗೆ ಮುಂದೆ ಬಂದ. ಅವರ ಕೈಯಲ್ಲಿದ್ದದ್ದು ಬತ್ತಿಯ ತುಪಾಕಿ. ಕೋಟೆಯವರು ಕಲ್ಲು ಎತ್ತಿಹಾಕಲು, ಬಾಣ ಬಿಡಲು ಗೋಡೆಯಿಂದ ಹೊರಗೆ ಬಾಗುತ್ತಿದ್ದರಲ್ಲ, ಬಾಗಿದವರನ್ನು ಇವರು ಒಬ್ಬೊಬ್ಬರನ್ನಾಗಿ ಹೊಡೆದು ಕೆಡವಿದರು. ಬಾಗುವುದು ನಿಂತಿತು. ಕೆಳಗೆ ಕಲ್ಲು ಕೀಳುವವರಿಗೆ ನೆರಳು ಸಿಕ್ಕಂತಾಯಿತು. ಕೊನೆಗೆ ಏನಾಗುತ್ತಿದೆ ಎಂದು ನೋಡಲು ಕೋಟೆಯ ಅಧಿಕಾರಿಯೇ ಬಾಗಿದ. ಗುಂಡು ಹಣೆಯ ನಡುವೆ ಬಿತ್ತು. ಮರುದಿನ ಊರು ಶರಣಾಯಿತು.

ಇದನ್ನು ಓದುವಾಗಲೆಲ್ಲ ನನಗೆ ಅನಿಸುವುದು, ಗೋಡೆ ಬೀಳಿಸಿದ್ದು ತುಪಾಕಿಯೂ ಅಲ್ಲ, ಹಾರೆ. ಆದರೆ ಹಾರೆ ಹಿಡಿದವನ ತಲೆ ಕಾದದ್ದು ತುಪಾಕಿ. ತೋಪಿಗೆ ಆಗದಿದ್ದ ಒಂದು ಕೆಲಸ, ಮೇಲೆ ಕೆಳಗೆ, ಆ ಕಡೆ ಈ ಕಡೆ ತಿರುಗುವ ಕೆಲಸ, ಅದಕ್ಕೆ ಸಲೀಸಾಗಿತ್ತು. ಬಾಬರನ ಪಾಣಿಪತ್ತು ಇನ್ನೂ ಆರು ವರ್ಷ ದೂರವಿತ್ತು. ನಮ್ಮ ಪಠ್ಯಪುಸ್ತಕಗಳು ಮದ್ದಿನ ಯುಗವನ್ನು ಅಲ್ಲಿಂದ ಶುರುಮಾಡುತ್ತವೆ. ಮೂವತ್ತು ವರ್ಷ ಹಾಗೆಯೇ ಪಾಠ ಮಾಡಿದ ಪಾಪ ನನ್ನದೂ ಇದೆ. ರಿಚರ್ಡ್ ಈಟನ್ ಅವರು ರಾಯಚೂರಿನ ಮೇಲೆ ಬರೆದದ್ದನ್ನು ಓದಿದ ಮೇಲೆ ನಾಚಿಕೆಯಾಯಿತು.

ಈ ಆಯುಧ ಇಲ್ಲಿ ಬೇರೂರಲು ನೆಲದ್ದೂ ಒಂದು ಪಾಲಿದೆ. ಕಪ್ಪು ಮದ್ದಿಗೆ ಬೇಕಾದ್ದು ಮೂರು: ಪೆಟ್ಲುಪ್ಪು, ಇದ್ದಲು, ಗಂಧಕ. ನೂರು ತೂಕದಲ್ಲಿ ಎಪ್ಪತ್ತೈದರಷ್ಟು ಪೆಟ್ಲುಪ್ಪೇ, ಇದ್ದಲು ಹದಿನೈದು, ಗಂಧಕ ಹತ್ತು. ಗಂಧಕವನ್ನು ಹೊರಗಿನಿಂದ ಕೊಳ್ಳಬೇಕು. ಇದ್ದಲು ಎಲ್ಲೂ ಸಿಗುತ್ತದೆ. ಪೆಟ್ಲುಪ್ಪು ಸಿಗುವುದು ಹಾಳೂರ ದಿಬ್ಬಗಳಲ್ಲಿ, ದನ ಕಟ್ಟಿದ ಕೊಟ್ಟಿಗೆಯ ಹಳೆಯ ಮಣ್ಣಿನಲ್ಲಿ. ಬಿಸಿಲು ಕಾಲದಲ್ಲಿ ಗೋಡೆಯ ಬುಡದಲ್ಲಿ ಬೆಳ್ಳಗೆ ಹೂವಿನಂತೆ ಏಳುತ್ತದಲ್ಲ, ಅದು. ಆ ಮಣ್ಣನ್ನು ನೀರಿನಲ್ಲಿ ಕಲಸಿ, ಬಸಿದು, ಕಾಯಿಸಿ, ಆರಲು ಬಿಟ್ಟರೆ ಹರಳು ಕಟ್ಟುತ್ತದೆ. ಮಳೆ ಕಮ್ಮಿ, ಬಿಸಿಲು ಜಾಸ್ತಿ ಎಂದು ನಾವು ಗೊಣಗುವ ಈ ಸೀಮೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಳೆನಾಡಿನಲ್ಲಾದರೆ ಆ ಉಪ್ಪು ತೊಳೆದು ಹೋಗುತ್ತದೆ. ಇನ್ನು ಬತ್ತಿ ಹತ್ತಿಯ ಹುರಿ, ಪೆಟ್ಲುಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ್ದು. ಉರಿಯದೆ ಕೆಂಡವಾಗಿ ಮೆಲ್ಲಗೆ ನವೆಯುತ್ತಾ ಹೋಗುತ್ತದೆ. ಹತ್ತಿಗೆ ಆದವಾನಿಯ ಎರೆನೆಲಕ್ಕಿಂತ ಬೇರೆ ಊರು ಬೇಕೆ?

ನಳಿಕೆ ಮಾಡುವುದು ಕಷ್ಟದ ಕೆಲಸ. ಅಕ್ಬರನ ಕಾಲದ ಐನ್-ಇ-ಅಕ್ಬರಿ ಅದರ ಬಗೆ ಹೇಳುತ್ತದೆ. ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆದರೆ ಒಡೆದು ಹಿಡಿದವನನ್ನೇ ಕೊಲ್ಲುತ್ತದೆ. ಕಾಗದ ಸುತ್ತಿದಂತೆ ಓರೆಯಾಗಿ ಸುತ್ತಿ, ಸುತ್ತು ಸುತ್ತಿಗೂ ಕಾಯಿಸಿ ಬಡಿದು ಬೆಸೆದದ್ದು ಗಟ್ಟಿ. ಹೀಗೆ ಮಾಡಿದ ಉದ್ದ ನಳಿಕೆಯ ಬತ್ತಿ ತುಪಾಕಿ ನಮ್ಮಲ್ಲಿ ಮುನ್ನೂರು ವರ್ಷ ಹೆಚ್ಚು ಬದಲಾಗದೆ ಬಾಳಿತು. ಯೂರೋಪಿನಲ್ಲಿ ಚಕಮಕಿ ಕಲ್ಲಿನ ತುಪಾಕಿ ಬಂದ ಮೇಲೂ ಇಲ್ಲಿಯವರು ಬತ್ತಿಯನ್ನು ಬಿಡಲಿಲ್ಲ. ಹಿಂದುಳಿದವರು ಎನ್ನುತ್ತಾರೆ ಕೆಲವರು. ಚಕಮಕಿಯ ಯಂತ್ರಕ್ಕೆ ಒಳ್ಳೆಯ ಉಕ್ಕಿನ ಸ್ಪ್ರಿಂಗು ಬೇಕು, ಕೆಟ್ಟರೆ ಊರ ಕಮ್ಮಾರನಿಂದ ಆಗದು. ಬತ್ತಿಯ ಕುದುರೆಯನ್ನು ಯಾವ ಕುಲುಮೆಯಲ್ಲೂ ಬಡಿದು ನೇರ ಮಾಡಬಹುದು. ಮಳೆ ಬಂದರೆ ಬತ್ತಿ ಆರುತ್ತದೆ, ಹೌದು. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಯಾರೂ ದಂಡೆತ್ತಿ ಹೋಗುತ್ತಿರಲಿಲ್ಲ. ಎರೆಮಣ್ಣಿನಲ್ಲಿ ಎತ್ತೇ ನಡೆಯದು. ಬನ್ನಿ ಮುಡಿದು ಸೀಮೋಲ್ಲಂಘನ ಮಾಡುವ ಹೊತ್ತಿಗೆ ಬತ್ತಿ ಒಣಗಿರುತ್ತಿತ್ತು.

ಈ ಅಗ್ಗದ, ಊರಲ್ಲೇ ರಿಪೇರಿಯಾಗುವ ಆಯುಧ ಅರಮನೆಯಲ್ಲಿ ನಿಲ್ಲದೆ ಬೇಡರ ಗುಡಿಸಲಿಗೆ ಬಂತು. ತೋಪು ಸುಲ್ತಾನನದು, ಅದರ ಹಿಂದೆ ನೂರು ಎತ್ತು, ಬೊಕ್ಕಸ, ಕಾರ್ಖಾನೆ. ತುಪಾಕಿ ಬಡವನ ಕೈಗೂ ಎಟುಕಿತು. ಬಿಲ್ಲು ಕಲಿಯಲು ವರ್ಷಗಟ್ಟಲೆ ತೋಳು ಪಳಗಿಸಬೇಕು. ತುಪಾಕಿಗೆ ತಾಳ್ಮೆ, ಒಣ ಮದ್ದು ಇದ್ದರೆ ಆಯಿತು. ಬೇಟೆಯಲ್ಲಿ ಉಸಿರು ಬಿಗಿಹಿಡಿದು ಕಾಯುವುದು ಗೊತ್ತಿದ್ದವರಿಗೆ ಆ ತಾಳ್ಮೆ ರಕ್ತದಲ್ಲೇ ಇತ್ತು. ತೋಪು ಗೆದ್ದದ್ದೂ ಉಂಟು. 1688ರಲ್ಲಿ ಮೊಗಲರ ಫಿರೋಜ್ ಜಂಗ್ ಆದವಾನಿಯನ್ನು ಮುತ್ತಿ ಗೆದ್ದ. ಸಿದ್ದಿ ಮಸೂದ್ ತಾನು ಕಟ್ಟಿಸಿದ ಜಾಮಿಯಾ ಮಸೀದಿಯ ಕಡೆಗೆ ತೋಪು ತಿರುಗಿದ್ದನ್ನು ಕಂಡು ಬೀಗದಕೈ ಒಪ್ಪಿಸಿದನೆಂದು ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಅಲ್ಲಿ ತೋಪು ಹಾರದೆಯೇ ಗೆದ್ದಿತು. ಕೋಟೆಗೆ ಇಮ್ತಿಯಾಜ್‌ಗಢ ಎಂದು ಹೊಸ ಹೆಸರೂ ಬಂತು.

ಆದರೆ ಹದಿನೇಳು ವರ್ಷದ ನಂತರ ಸುರಪುರದ ಪಕ್ಕದ ವಾಗಣಗೇರಿಯಲ್ಲಿ ಏನಾಯಿತು ನೋಡಿ. 1705ರ ಫೆಬ್ರವರಿಯಲ್ಲಿ ಔರಂಗಜೇಬ್ ಸ್ವತಃ ಬಂದು ಬೇಡರ ಪಿಡ್ಡ ನಾಯಕನ ಕೋಟೆಯ ಮುಂದೆ ಕೂತ. ಎಂಬತ್ತಾರು ವರ್ಷದ ಚಕ್ರವರ್ತಿ, ದೇಶದಲ್ಲೇ ದೊಡ್ಡ ತೋಪಿನ ಪಡೆ, ಎದುರಿಗೆ ಗುಡ್ಡದ ಬಂಡೆಗಳ ಮರೆಯಿಂದ ತುಪಾಕಿ ಹಾರಿಸುವ ಬೇಡರು. ಬೇಡರ ಗುರಿಯ ಬಗ್ಗೆ ಮೊಗಲರ ಬರಹಗಾರರೇ ಬೆರಗಾಗಿ ಬರೆದಿದ್ದಾರೆ. ಕೋಟೆ ಗೆಲ್ಲಲು ಏಪ್ರಿಲ್ ಕೊನೆಯವರೆಗೆ, ಮೂರು ತಿಂಗಳ ಹತ್ತಿರ, ಹಿಡಿಯಿತು. ಒಳಹೊಕ್ಕಾಗ ನಾಯಕ ಇರಲಿಲ್ಲ, ರಾತ್ರಿಯೇ ಜಾರಿದ್ದ. ಔರಂಗಜೇಬನ ಬದುಕಿನ ಕೊನೆಯ ಮುತ್ತಿಗೆ ಅದು.

1786ರಲ್ಲಿ ಟಿಪ್ಪು ಆದವಾನಿಯನ್ನು ಮುತ್ತಿ ಹಿಡಿದು ಕೋಟೆಯನ್ನು ಕೆಡಿಸಿದ. ಅವನ ಪಟಾಲಮುಗಳ ಕೈಯಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಯ ಚಕಮಕಿ ತುಪಾಕಿಗಳಿದ್ದರೆ ಊರೂರ ಕಂದಾಚಾರದ ಕಾಲಾಳುಗಳು ಇನ್ನೂ ಬತ್ತಿಯನ್ನೇ ನೆಚ್ಚಿಕೊಂಡಿದ್ದರು. ಬತ್ತಿಯ ಕಾಲ ಮುಗಿಯುತ್ತಿತ್ತು, ಆದರೆ ಅದನ್ನು ಮುಗಿಸಿದ್ದು ಚಕಮಕಿಯಲ್ಲ, ಕಚೇರಿ.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ದತ್ತ ಮಾಡಿದ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದಾಗ ದತ್ತ ಮಂಡಲದಲ್ಲಿ ಎಂಬತ್ತು ಮಂದಿ ಪಾಳೆಯಗಾರರೂ ಅವರ ಕೈಕೆಳಗೆ ಮೂವತ್ತು ಸಾವಿರ ಶಸ್ತ್ರಧಾರಿ ಆಳುಗಳೂ ಇದ್ದರೆಂದು ಲೆಕ್ಕ. 1801ರಲ್ಲಿ ತೆರ್ನೇಕಲ್ಲಿನ ಜನ ಕೋಟೆಬಾಗಿಲು ಹಾಕಿಕೊಂಡು ಕಂಪನಿಯ ಸೇನೆಯ ಮೊದಲ ಏಟನ್ನು ಹಿಂದಕ್ಕಟ್ಟಿದರು. ಆಮೇಲೆ ಊರು ಬಿತ್ತು. ಮನ್ರೋ ಏಳು ವರ್ಷದಲ್ಲಿ ಆಳುಗಳ ಕೈಯಿಂದ ತುಪಾಕಿ ಬಿಡಿಸಿ ನೇಗಿಲು ಹಿಡಿಸಿದ. 1827ರಲ್ಲಿ ಅವನು ಕಾಲರಾದಿಂದ ಸತ್ತದ್ದೂ ಇಲ್ಲೇ, ಪತ್ತಿಕೊಂಡದಲ್ಲಿ. ಇವತ್ತಿಗೂ ನಮ್ಮ ಕಡೆ ಅವನ ಹೆಸರನ್ನು ಪ್ರೀತಿಯಿಂದ ಹೇಳುವವರಿದ್ದಾರೆ. ಆ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಬಿಟ್ಟುಕೊಟ್ಟವರು ಏನಂದುಕೊಂಡರೆಂದು ಯಾರೂ ಬರೆದಿಡಲಿಲ್ಲ ಎಂಬುದನ್ನಷ್ಟೆ ಸೇರಿಸುತ್ತೇನೆ.

ಒಂದು ಕಡೆ ಮಾತ್ರ ಅದು ಹಾಡಾಗಿ ಉಳಿಯಿತು. 1857ರಲ್ಲಿ ಶಸ್ತ್ರ ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ಸೇನೆ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದ ಸಂತೆಯ ದಿನ, ಉಳಿದವರನ್ನು ಅವರದೇ ಊರಲ್ಲಿ. ಇದನ್ನು ಹಾಡುವ ಲಾವಣಿಯನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಆಂಗ್ಲ ಅಧಿಕಾರಿ ಫ್ಲೀಟ್. ಹಲಗಲಿಯಲ್ಲಿ ತೋಪು ಇರಲಿಲ್ಲ. ಇದ್ದಿದ್ದರೆ ಸರ್ಕಾರ ಬಹುಶಃ ಅಷ್ಟು ಹೆದರುತ್ತಿರಲಿಲ್ಲ. ತೋಪನ್ನು ಅಡಗಿಸಿಡಲು ಆಗುವುದಿಲ್ಲ, ಎಣಿಸಬಹುದು, ಬೀಗ ಹಾಕಬಹುದು. ತುಪಾಕಿಯನ್ನು ಜೋಳದ ದಂಟಿನ ಬಣವೆಯಲ್ಲಿ ಇಡಬಹುದು.

ಮಕ್ಕಳೆ, ಇಲ್ಲಿಂದ ರಾಯಚೂರಿಗೆ ಬಸ್ಸಿದೆ, ನೀವು ಹೋಗಿಬರುತ್ತಲೇ ಇರುತ್ತೀರಿ. ಸಂತೆಗೋ ಸಿನಿಮಾಕ್ಕೋ ಹೋದಾಗ ಬಸ್ ನಿಲ್ದಾಣದ ಹತ್ತಿರದ ಕೋಟೆಗೂ ಒಂದು ಗಳಿಗೆ ಹೋಗಿ. ಫಿರಂಗಿಯ ಮೇಲೆ ಕೂರುವುದಿದ್ದರೆ ಕೂರಿ, ಯಾರೂ ಬೇಡ ಅನ್ನುವುದಿಲ್ಲ. ಆಮೇಲೆ ಕೆಳಗಿಳಿದು ಹೊರಗೋಡೆಯ ಬುಡಕ್ಕೆ ಬೆನ್ನು ಕೊಟ್ಟು ನಿಂತು ತಲೆಯೆತ್ತಿ ಮೇಲೆ ನೋಡಿ. ಯಾರಾದರೂ ಗೋಡೆಯ ಮೇಲಿಂದ ಬಾಗಿದರೆ ಮೊದಲು ಕಾಣುವುದು ಅವರ ಹಣೆ.